ಹಳೇ ಕಬ್ಬಿಣ, ಹೊಸ ತಾಮ್ರ

46 ಪೀಸಿನ ಆ ಸಾಕೆಟ್ ಸೆಟ್ಟನ್ನು ನೀವೂ ನೋಡಿರುತ್ತೀರಿ. ಕೈಚೀಲದಲ್ಲಿ ಹಿಡಿಯುವ ಪ್ಲಾಸ್ಟಿಕ್ ಪೆಟ್ಟಿಗೆ; ತೆರೆದರೆ ಸಾಲಾಗಿ ಕೂತ ಮಿರಿಮಿರಿ ಸಾಕೆಟ್ಟುಗಳು, ಒಂದು ರ‍್ಯಾಚೆಟ್ ಹಿಡಿ, ಮೂರ್ನಾಲ್ಕು ಎಲ್ ಕೀ, ಒಂದಿಷ್ಟು ಸ್ಕ್ರೂಡ್ರೈವರ್ ಬಿಟ್‌ಗಳು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ಊರ ಜಾತ್ರೆಯ ಸಾಲಂಗಡಿಯವರೆಗೆ ಎಲ್ಲೆಡೆ ಇದೆ. ಮೊಬೈಲಿನಲ್ಲಂತೂ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ನಾನೂರೋ ಐನೂರೋ ರೂಪಾಯಿ. ಪೀಸಿಗೆ ಹತ್ತೇ ರೂಪಾಯಿ ಬಿತ್ತು ಎಂದು ಲೆಕ್ಕ ಹಾಕಿ ಖುಷಿಪಡುವುದರೊಳಗೆ ಕೊಂಡಾಗಿರುತ್ತದೆ. ಅದೇ ದುಡ್ಡಿಗೆ ಪಕ್ಕದ ಕಪಾಟಿನಲ್ಲಿ ನಾಸಿಕ್‌ನಲ್ಲಿ ತಯಾರಾದ ಟಪಾರಿಯಾ ರಿಂಗ್ ಸ್ಪ್ಯಾನರ್‌ಗಳು ಮೂರೋ ನಾಲ್ಕೋ ಬಂದರೆ ಹೆಚ್ಚು. 46 ಎಲ್ಲಿ, ನಾಲ್ಕೆಲ್ಲಿ!

ಸೆಟ್ಟಿನಲ್ಲಿ ಎಷ್ಟೇ ಪೀಸಿರಲಿ, ಕೆಲಸವೆಲ್ಲ ಬೀಳುವುದು ನಾಲ್ಕೈದರ ಮೇಲೆ, ಅದರಲ್ಲೂ 10 ಮಿ.ಮೀ. ಸಾಕೆಟ್ಟಿನ ಮೇಲೆ. ಬೈಕಿನಲ್ಲಿ ಎಲ್ಲೆಂದರಲ್ಲಿ ಇರುವ 6 ಮಿ.ಮೀ. ಬೋಲ್ಟಿನ ತಲೆಗೆ ಬೇಕಾದದ್ದು ಅದೇ. ತಲೆಗೆ ಆರು ಮೂಲೆ. ಸಾಕೆಟ್ ಅಳತೆಗೆ ಸರಿಯಾಗಿ ಕೂತರೆ ತಿರುಗಿಸುವ ಬಲ ಮೂಲೆಯ ಪಕ್ಕದ ಮಟ್ಟಸ ಬದಿಗಳ ಮೇಲೆ ಹರಡುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೂ ಬಲವೆಲ್ಲ ಮೂಲೆಯ ತುದಿಗೆ ಹೋಗಿ ಕೂರುತ್ತದೆ. ಮಳೆಗಾಲ ಕಂಡು ತುಕ್ಕು ಕಚ್ಚಿಕೊಂಡ ಬೋಲ್ಟಾದರೆ ತಿರುಗುವುದು ಬೋಲ್ಟಲ್ಲ, ಸಾಕೆಟ್ಟು. ‘ನಟ್ಟು ರೌಂಡಾಯ್ತು ಸರ್’ ಎನ್ನುತ್ತಾನೆ ಆಮೇಲೆ ಗ್ಯಾರೇಜಿನ ಹುಡುಗ. ಆ ಬೋಲ್ಟನ್ನು ಈಚೆ ತೆಗೆಯಲು ಚಾಣ ಇಟ್ಟು ಬಡಿಯಬೇಕು. ಅದಕ್ಕೂ ಜಗ್ಗದಿದ್ದರೆ ಮೇಲೊಂದು ನಟ್ಟನ್ನು ವೆಲ್ಡ್ ಮಾಡಿ ಅದನ್ನು ಹಿಡಿದು ತಿರುಗಿಸಬೇಕು. ಇಷ್ಟಾಗಿ ಎಂಜಿನ್ ಕೇಸಿನ ಅಲ್ಯೂಮಿನಿಯಂ ಮರೆ ಕಿತ್ತುಬಂದರಂತೂ ಹತ್ತು ರೂಪಾಯಿಯ ಸಾಕೆಟ್ಟಿನ ನಿಜವಾದ ಕ್ರಯ ಎಷ್ಟೆಂದು ಅಂದು ಗೊತ್ತಾಗುತ್ತದೆ.

ಸಾಕೆಟ್ಟಿನ ಮೈಮೇಲೆ ‘ಕ್ರೋಮ್ ವೆನೇಡಿಯಂ’ ಎಂದು ಬರೆದಿತ್ತಲ್ಲ? ಬರೆಯುವುದಕ್ಕೇನು ಖರ್ಚು! ಕ್ರೋಮಿಯಂ, ವೆನೇಡಿಯಂ ಬೆರೆತ ಉಕ್ಕನ್ನು ಬಡಿದು, ಸರಿಯಾಗಿ ಕಾಯಿಸಿ, ತಣಿಸಿ, ಮತ್ತೆ ಹದಕ್ಕೆ ತರಬೇಕು. ಸ್ಪ್ಯಾನರ್ ತೀರಾ ಗಡುಸಾದರೆ ಚಟಕ್ಕನೆ ಮುರಿಯುತ್ತದೆ, ಮೆದುವಾದರೆ ಬಾಯಿ ಅಗಲವಾಗುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ ಒಳ್ಳೆಯ ಸ್ಪ್ಯಾನರ್ 40–50ರ ನಡುವೆ ನಿಲ್ಲುತ್ತದೆ; ಕಬ್ಬಿಣ ತಿನ್ನಬೇಕಾದ ಅರ 60 ದಾಟಿರುತ್ತದೆ. ಆದ್ದರಿಂದ ಹಳಬರು ಹೊಸ ಸ್ಪ್ಯಾನರಿನ ಕಾಣದ ಅಂಚಿಗೆ ಅರ ತಾಗಿಸಿ ನೋಡುತ್ತಾರೆ. ಅರ ತುಸು ಜಾರಿ, ಕಷ್ಟಪಟ್ಟು ಕಚ್ಚಿದರೆ ಸರಿ. ಮೊಳೆಯನ್ನು ತಿಂದಷ್ಟು ಸಲೀಸಾಗಿ ತಿಂದರೆ ಮೇಲಿನ ಮಿಂಚು ಬರೀ ಲೇಪ. ಅಂಗಡಿಯಾತ ಇದಕ್ಕೆ ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಅಗ್ಗದ ಮಾಲಿನ ಪರವಾಗಿಯೂ ನಾಲ್ಕು ಮಾತು ಆಡಲೇಬೇಕು. ಮೂವತ್ತು ವರ್ಷದ ಹಿಂದೆ ಕೈ ಡ್ರಿಲ್ಲಿಂಗ್ ಮಷೀನು ಇದ್ದದ್ದು ದೊಡ್ಡ ಕಂಟ್ರಾಕ್ಟರರ ಹತ್ತಿರ. ವೈರಿಂಗ್ ಹುಡುಗರು ಗೋಡೆಗೆ ಚಾಣ ಹಿಡಿದು ಬಡಿದು ತೂತು ಕೊರೆದು, ಮರದ ಬೆಣೆ ತುರುಕಿ ಸ್ಕ್ರೂ ಬಿಗಿಯುತ್ತಿದ್ದರು. ಇವತ್ತು ಐಟಿಐ ಮುಗಿಸಿದ ಹುಡುಗ ಮೊದಲ ತಿಂಗಳ ಸಂಪಾದನೆಯಲ್ಲೇ ಒಂದು ಡ್ರಿಲ್, ಒಂದು ಗ್ರೈಂಡರ್ ಇಟ್ಟುಕೊಂಡು ಸ್ವಂತ ಕೆಲಸಕ್ಕೆ ಇಳಿಯುತ್ತಾನೆ. ಆ ದಾರಿ ತೆರೆದದ್ದು ಆಮದು ಮಾಲು. ಮಲ್ಟಿಮೀಟರ್, ತಲೆಗೆ ಕಟ್ಟುವ ಟಾರ್ಚು, ಗ್ಲೂ ಗನ್, ಮರ ಅಂಟಿಸಿ ಹಿಡಿಯುವ ಕ್ಲ್ಯಾಂಪು ಇವನ್ನೆಲ್ಲ ಅಗ್ಗದ್ದರಲ್ಲೇ ಕೊಂಡರೆ ಯಾವ ಬೆಟ್ಟವೂ ಬೀಳುವುದಿಲ್ಲ. ಕೆಟ್ಟರೆ ಅದೊಂದೇ ಕೆಡುತ್ತದೆ. ಕೈಯನ್ನೋ ಕೆಲಸವನ್ನೋ ಜೊತೆಗೆ ಕೆಡಿಸುವುದಿಲ್ಲ. (ಮಲ್ಟಿಮೀಟರಿಗೆ ಒಂದು ಷರತ್ತು: ಮನೆಯ ಬ್ಯಾಟರಿ, ವೈರಿನ ತುಂಡು ನೋಡುವುದಕ್ಕಷ್ಟೇ. ತ್ರೀ ಫೇಸ್ ಬೋರ್ಡಿಗೆ ಅದನ್ನು ಹಿಡಿದು ಹೋಗಬೇಡಿ.)

ನನ್ನ ಮಟ್ಟಿಗೆ ಸಲಕರಣೆ ಕೊಳ್ಳುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಇದು. ಇದು ಕೈಕೊಟ್ಟ ದಿನ ಇದರ ಜೊತೆ ಇನ್ನೇನು ಹೋಗುತ್ತದೆ? ಯಾವ ದೇಶದ್ದು ಎಂಬುದು ಆಮೇಲಿನ ಮಾತು.

ದೇಶದ ಮಾತು ಬಂದಾಗ ನಮ್ಮವರ ನೆನಪು ಬಹಳ ಚಿಕ್ಕದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಲು ಹೊರಟರು. ಆ ಕಾಲಕ್ಕೆ ಮೇಲ್ಮಟ್ಟದ ಮಾಲು ಎಂದರೆ ಹಡಗಿನಲ್ಲಿ ಬಂದ ಇಂಗ್ಲೆಂಡಿನ ಮಾಲು. ಸಂಶಯದಿಂದ ನೋಡುತ್ತಿದ್ದುದು ಊರಲ್ಲೇ ಎರಕ ಹೊಯ್ದದ್ದನ್ನು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಬಯಲಿಗೆ, ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿ ಲೇತ್ ತಯಾರಿಸಿತು. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬಂತು. ನಾವೆಲ್ಲ ಎಚ್‌ಎಂಟಿ ಎಂದರೆ ಗಡಿಯಾರ ಎಂದುಕೊಂಡವರು. ಅದು ಶುರುವಾದದ್ದು ಯಂತ್ರ ತಯಾರಿಸುವ ಯಂತ್ರಕ್ಕಾಗಿ.

ಆಮದಿಗೆ ಮುಚ್ಚಿದ ಬಾಗಿಲ ಹಿಂದೆ ತಯಾರಾದದ್ದೆಲ್ಲ ಚೊಕ್ಕ ಚಿನ್ನವೇನಲ್ಲ. ಬೇರೆ ಆಯ್ಕೆಯೇ ಇಲ್ಲದ ಕಾಲದಲ್ಲಿ ನಮ್ಮ ಕಂಪನಿಗಳೂ ಸಾಕಷ್ಟು ಕಳಪೆ ಮಾಲನ್ನು ಗಿರಾಕಿಯ ಕೊರಳಿಗೆ ಕಟ್ಟಿವೆ. ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ಕೊನೆಯ ಕಂತನ್ನು ಸರಕಾರ 2001ರ ಏಪ್ರಿಲ್‌ನಲ್ಲಿ ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿತು. ಹರಿಹರದ ಕಾರ್ಖಾನೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಾಗಿಲು ಹಾಕಿತು. ಅದಕ್ಕೆ ಆಮದೊಂದೇ ಕಾರಣ ಎಂದರೆ ತಪ್ಪಾಗುತ್ತದೆ, ಒಳಗಿನ ಕಾಯಿಲೆಯೂ ಇತ್ತು. ಹರಿಹರದಲ್ಲಿ ಇಂದಿಗೂ ಒಂದು ತಲೆಮಾರು ‘ಕಿರ್ಲೋಸ್ಕರ್ ಇದ್ದಾಗ’ ಎಂದೇ ಕಾಲವನ್ನು ಲೆಕ್ಕ ಹಾಕುತ್ತದೆ.

ಈಗಿನ ಲೆಕ್ಕ ನೋಡೋಣ. ನೀತಿ ಆಯೋಗ 2025ರ ಏಪ್ರಿಲ್‌ನಲ್ಲಿ ಕೈ ಉಪಕರಣ, ವಿದ್ಯುತ್ ಉಪಕರಣಗಳ ಬಗ್ಗೆಯೇ ಒಂದು ವರದಿ ತಂದಿತು. ಜಗತ್ತಿನ ಕೈ ಉಪಕರಣಗಳ ರಫ್ತಿನಲ್ಲಿ ಭಾರತದ ಪಾಲು ಶೇ 1.8, ವಿದ್ಯುತ್ ಉಪಕರಣಗಳಲ್ಲಿ ಶೇ 0.7. ಕೈ ಉಪಕರಣಗಳಲ್ಲಿ ಅರ್ಧದಷ್ಟು ಮಾರುಕಟ್ಟೆ ಚೀನಾದ ಕೈಯಲ್ಲಿದೆ. ಉಕ್ಕಿನ ದರ, ಸಾಲದ ಬಡ್ಡಿ, ಸಾಗಣೆ, ಸಣ್ಣ ಸಣ್ಣ ಘಟಕಗಳು ಎಲ್ಲ ಸೇರಿ ಚೀನಾದವರಿಗಿಂತ ನಮ್ಮವರಿಗೆ ಬೀಳುವ ಖರ್ಚು ಶೇ 14ರಿಂದ 17ರಷ್ಟು ಹೆಚ್ಚು ಎನ್ನುತ್ತದೆ ವರದಿ.

ಈ ಕೊನೆಯ ಅಂಕಿ ನನ್ನನ್ನು ಬಹಳ ಹೊತ್ತು ಕೊರೆಯಿತು. ಖರ್ಚಿನ ವ್ಯತ್ಯಾಸ ಶೇ 17 ಎಂದೇ ಇಟ್ಟುಕೊಳ್ಳಿ. ಹಾಗಿದ್ದರೆ ಅಂಗಡಿಯಲ್ಲಿ ನಮ್ಮದು ನೂರು ರೂಪಾಯಿ ಇದ್ದಾಗ ಅವರದು ಎಂಬತ್ತೈದರ ಆಸುಪಾಸು ಇರಬೇಕಿತ್ತು. ಮೂವತ್ತಕ್ಕೆ ಹೇಗೆ ಸಿಗುತ್ತಿದೆ? ಉಳಿದ ಐವತ್ತು ಚಿಲ್ಲರೆ ಉಕ್ಕಿನಿಂದ, ಹದದಿಂದ, ಅಳತೆಯಿಂದ ಕಿತ್ತುಕೊಂಡದ್ದು. ಅದನ್ನು ಕಿತ್ತುಕೊಳ್ಳುವಂತೆ ಹೇಳಿದವರು ಚೀನಾದವರಲ್ಲ. ಅಲ್ಲಿನ ಕಾರ್ಖಾನೆ ಕೇಳಿದ ದರಕ್ಕೆ ತಕ್ಕ ಮಾಲು ಮಾಡಿಕೊಡುತ್ತದೆ, ಕಾಸಿಗೆ ತಕ್ಕ ಕಜ್ಜಾಯ. ಜಪಾನಿನ ಮಕಿಟಾಗೆ ಅದೇ ಚೀನಾದ ಕುನ್‌ಶಾನ್‌ನಲ್ಲಿ, ಜರ್ಮನಿಯ ಬಾಷ್‌ಗೆ ಹಾಂಗ್‌ಝೌನಲ್ಲಿ ಕಾರ್ಖಾನೆಗಳಿವೆ. ಅಲ್ಲಿಂದ ಬಂದ ಮಷೀನುಗಳನ್ನು ನಮ್ಮ ಬಡಗಿಗಳು ವರ್ಷಗಟ್ಟಲೆ ದುಡಿಸುತ್ತಾರೆ. ‘ಇನ್ನೂ ಕಮ್ಮಿಯದು ಇಲ್ವಾ?’ ಎಂದು ಅಲ್ಲಿ ಕೇಳಿ ಕಂಟೇನರ್ ತುಂಬಿಸುವವರು ನಮ್ಮ ಆಮದುದಾರರು. ಅವರು ಹಾಗೆ ಕೇಳುವುದು ನಾವು ಇಲ್ಲಿ ಹಾಗೆ ಕೇಳುವುದರಿಂದ.

ಇನ್ನೊಂದು ತಮಾಷೆಯೂ ಇದೆ. ಜಲಂಧರ್, ಲುಧಿಯಾನಗಳಲ್ಲಿ ಬಡಿದ ಸ್ಪ್ಯಾನರು, ಪ್ಲೈಯರು ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಅಲ್ಲಿನ ಹೆಸರು ಹೊತ್ತು ಮಾರಾಟವಾಗುತ್ತವೆ. ಇಲ್ಲಿ ಭಾರತದ ಹೆಸರಿನ ಡಬ್ಬಿ ತೆರೆದರೆ ಒಳಗೆ ಬೇರೆ ದೇಶದ ಮಾಲು. ಡಬ್ಬಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ‘ತಯಾರಿಸಿದವರು’ ಎಂದಿದೆಯೋ ‘ಮಾರಾಟಗಾರರು’ ಎಂದಿದೆಯೋ ಕನ್ನಡಕ ಹಾಕಿಕೊಂಡು ನೋಡಿ. ಆಮದು ಮಾಡಿದ ಪೊಟ್ಟಣದ ಮೇಲೆ ಮೂಲ ದೇಶದ ಹೆಸರು ಇರಲೇಬೇಕೆಂಬ ಕಾನೂನಿದೆ. ಆನ್‌ಲೈನ್ ಅಂಗಡಿಗೂ ಅದು ಅನ್ವಯ. ದೊಡ್ಡ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ, ಅದರದೇ ಬಣ್ಣ ಬಳಿದ ಡೂಪ್ಲಿಕೇಟ್ ಬೇರೆ ಇದೆ. ಅದನ್ನು ‘ದೇಶಿ’ ಎನ್ನಬೇಕೋ ‘ವಿದೇಶಿ’ ಎನ್ನಬೇಕೋ ದೇವರಿಗೇ ಗೊತ್ತು.

ಇನ್ನು ಹಳೆಯ ಮಾಲಿಗೆ ಬರೋಣ. ನನಗೆ ಹೆಚ್ಚು ಪ್ರೀತಿ ಇರುವುದು ಇಲ್ಲೇ.

ಬೆಂಗಳೂರಿನ ಪೀಣ್ಯದ ಒಳರಸ್ತೆಗಳಲ್ಲಿ ಸೆಕೆಂಡ್ ಹ್ಯಾಂಡ್ ಮಷೀನುಗಳ ಶೆಡ್ಡುಗಳಿವೆ. ಯಾವುದೋ ವರ್ಕ್‌ಶಾಪ್ ಮುಚ್ಚುತ್ತದೆ. ಯಜಮಾನರಿಗೆ ವಯಸ್ಸಾಯಿತು, ಮಗ ಸಾಫ್ಟ್‌ವೇರಿಗೆ ಹೋದ. ಅಥವಾ ಎಲ್ಲ ಕೆಲಸ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿಗೆ ಬದಲಾಯಿತು. ಹಳೆ ಲೇತ್ ಲಾರಿ ಹತ್ತಿ ಈ ಶೆಡ್ಡಿಗೆ ಬರುತ್ತದೆ. ಎಚ್‌ಎಂಟಿಯ ಎನ್‌ಎಚ್ 22, ಎನ್‌ಎಚ್ 26, ಎಲ್‌ಬಿ 17. ಹರಿಹರದ ಟರ್ನ್‌ಮಾಸ್ಟರ್, ಎಂಟರ್‌ಪ್ರೈಸ್. ಎನ್‌ಎಚ್ 22ರಲ್ಲಿ 22 ಎಂದರೆ ಸೆಂಟರಿನ ಎತ್ತರ 220 ಮಿ.ಮೀ. ಎಂದರ್ಥ. ಹಸಿರು ಬಣ್ಣ ಚಕ್ಕೆ ಎದ್ದಿರುತ್ತದೆ, ಎಣ್ಣೆ ಜಿಡ್ಡು ಗಟ್ಟಿಯಾಗಿರುತ್ತದೆ. ಕೊಳ್ಳಲು ಬಂದ ಟರ್ನರ್ ಅದ್ಯಾವುದನ್ನೂ ನೋಡುವುದಿಲ್ಲ. ಅವನು ನೋಡುವುದು ಬೆಡ್ಡು, ಟೂಲ್ ಹೊತ್ತ ಸ್ಯಾಡಲ್ ಜಾರುವ ಉದ್ದ ಹಳಿ.

ಆತ ನೋಡುವ ರೀತಿಯನ್ನು ಹತ್ತಿರ ನಿಂತು ಗಮನಿಸಿದ್ದೇನೆ. ಮೊದಲು ಕೆಲಸದ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ಬಳಿ ಬೆಡ್ಡಿನ ಮೇಲೆ ಉಗುರು ಎಳೆಯುತ್ತಾನೆ. ಲೇತಿನಲ್ಲಿ ಬಹುಪಾಲು ಕೆಲಸ ಚಕ್ಕಿನ ಹತ್ತಿರದ ಒಂದಡಿಯಲ್ಲೇ ನಡೆಯುವುದರಿಂದ ಸವೆತವೂ ಅಲ್ಲೇ. ಸವೆದ ಜಾಗಕ್ಕೂ ಸವೆಯದ ಜಾಗಕ್ಕೂ ನಡುವಿನ ಮೆಟ್ಟಿಲು ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಆಮೇಲೆ ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ಅದರ ಸಡಿಲ ಹೊಂದಿಸುವ ಗಿಬ್ಬಿನ ಸ್ಕ್ರೂಗಳನ್ನು ಸರಿಯಾಗಿ ಬಿಗಿಮಾಡಿ, ನಿಧಾನವಾಗಿ ಇನ್ನೊಂದು ತುದಿಯ ಟೇಲ್‌ಸ್ಟಾಕಿನ ಕಡೆಗೆ ತಿರುಗಿಸುತ್ತಾನೆ. ಒಂದೇ ಬಿಗಿಯಲ್ಲಿ ಹೋದರೆ ಬೆಡ್ಡು ಸಮ. ಹೋಗುತ್ತಾ ಹೋಗುತ್ತಾ ಕಚ್ಚಿಕೊಂಡರೆ ಚಕ್ಕಿನ ಬಳಿ ಸವೆದಿದೆ ಎಂದೇ ಲೆಕ್ಕ. ಮೂರನೆಯದಾಗಿ ಚಕ್ಕಿಗೆ ಒಂದು ಉದ್ದ ರಾಡ್ ಕಚ್ಚಿಸಿ, ಸ್ಪಿಂಡಲಿನ ಮೂತಿಗೆ ಡಯಲ್ ಗೇಜ್ ಇಟ್ಟು, ರಾಡನ್ನು ಮೇಲಕ್ಕೆತ್ತಿ ನೋಡುತ್ತಾನೆ. ಮುಳ್ಳು ಎಷ್ಟು ಅಲುಗಿತೋ ಬೇರಿಂಗ್ ಅಷ್ಟು ಸಡಿಲ. ಕೊನೆಗೆ ಮಷೀನು ಓಡಿಸಿ ಗೇರಿನ ಸದ್ದು ಕೇಳುತ್ತಾನೆ. ಇಷ್ಟಾಗುವವರೆಗೆ ದರದ ಮಾತೇ ಇಲ್ಲ. ಶೆಡ್ಡಿನ ಯಜಮಾನರು ಚಹಾ ತರಿಸುತ್ತಾರೆ, ‘ನಮ್ಮದ್ರಾಗ ಮೋಸ ಇಲ್ರೀ’ ಎನ್ನುತ್ತಾರೆ; ಟರ್ನರ್ ಚಹಾ ಕುಡಿಯುತ್ತಾನೆ, ನಂಬುವುದಿಲ್ಲ.

ಇಷ್ಟು ತಾಪತ್ರಯ ಯಾಕೆ, ಹೊಸದೊಂದು ಮಿನಿ ಲೇತ್ ತರಿಸಿದರಾಗದೆ? ಆಗುತ್ತದೆ, ಹಿತ್ತಾಳೆಯ ಗುಂಡಿ, ಮರದ ಆಟಿಕೆ, ಪುಟ್ಟ ಬುಷ್ ಮಾಡುವವರಿಗೆ. ಇಬ್ಬರು ಎತ್ತಿ ಮೇಜಿನ ಮೇಲಿಡಬಹುದು, ಮನೆಯ ಕರೆಂಟಿನಲ್ಲೇ ಓಡುತ್ತದೆ. ಆದರೆ ಉಕ್ಕಿನ ರಾಡಿಗೆ ಕೊಂಚ ಆಳವಾಗಿ ಟೂಲ್ ಕೊಟ್ಟರೆ ಮೈಯೆಲ್ಲ ನಡುಗಿ ಕೆಲಸದ ಮೇಲೆ ಅಲೆ ಅಲೆ ಗೀರು ಬೀಳುತ್ತದೆ. ಅನೇಕ ಮಾದರಿಗಳಲ್ಲಿ ಒಳಗಿನ ಗೇರು ಪ್ಲಾಸ್ಟಿಕ್ಕಿನದು. ಲೇತಿನಲ್ಲಿ ತೂಕವೇ ಅರ್ಧ ಗುಣ. ಜಾಲಹಳ್ಳಿಯಲ್ಲೋ ಹರಿಹರದಲ್ಲೋ ಹೊಯ್ದ ಟನ್ನುಗಟ್ಟಲೆ ಎರಕ ತನ್ನೊಳಗಿನ ಬಿಗಿತವನ್ನೆಲ್ಲ ದಶಕಗಳ ಹಿಂದೆಯೇ ಕಳೆದುಕೊಂಡು ಸ್ಥಿರವಾಗಿ ಕೂತಿದೆ. ಅದು ಇನ್ನು ಸೊಟ್ಟಗಾಗುವುದಿಲ್ಲ. ಸವೆದಿದ್ದರೆ ಮತ್ತೆ ಗ್ರೈಂಡ್ ಮಾಡಿಸಬಹುದು, ಬೇರಿಂಗ್ ಬದಲಾಯಿಸಬಹುದು. ಹೊಸದನ್ನೇ ಕೊಳ್ಳುತ್ತೇನೆ ಎನ್ನುವವರಿಗೆ ರಾಜ್‌ಕೋಟ್, ಬಟಾಲಾದ ಲೇತ್‌ಗಳೂ ಇವೆ. ಅಲ್ಲಿ ಒಳ್ಳೆಯದೂ ಇದೆ, ಬಣ್ಣ ಬಳಿದ ಬರೀ ಎರಕವೂ ಇದೆ, ಟರ್ನರನ ಉಗುರು ಅದಕ್ಕೂ ಬೇಕು.

ಹಳೆ ಲೇತಿಗಿರುವ ಒಂದು ತೊಡಕೆಂದರೆ ತ್ರೀ ಫೇಸ್ ಕರೆಂಟು. ಸಣ್ಣ ಮೋಟರಾದರೆ ಮನೆಯ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಎಂಬ ಪೆಟ್ಟಿಗೆ ಹಾಕಿ ಓಡಿಸುತ್ತಾರೆ. ಬೆಂಗಳೂರಿನ ಹವ್ಯಾಸಿಗಳ ಗ್ಯಾರೇಜಿನಲ್ಲಿ ಹೀಗೆ ಓಡುವ ಹಳೆ ಲೇತ್‌ಗಳಿವೆ. ಆ ಪೆಟ್ಟಿಗೆ ಹೆಚ್ಚಾಗಿ ಚೀನಾದ್ದೇ, ಅಗ್ಗದ್ದೇ. ಜೋಡಿ ಚೆನ್ನಾಗಿ ನಡೆಯುತ್ತದೆ.

ಇಲ್ಲಿಂದಲೇ ನನಗೊಂದು ಸೂತ್ರ ಹೊಳೆದದ್ದು: ಕಬ್ಬಿಣ ಹಳೆಯದಿರಲಿ, ತಾಮ್ರ ಹೊಸದಿರಲಿ. ವೈಸ್, ಅಡೆಗಲ್ಲು, ಸುತ್ತಿಗೆ, ಉಳಿ, ಉಜ್ಜುಗೊರಡು, ಸ್ಪ್ಯಾನರ್, ಲೇತ್ ಇವೆಲ್ಲ ಬರೀ ಉಕ್ಕು, ಎರಕ. ಇವುಗಳ ವಯಸ್ಸು ಮೈಮೇಲೆ ಕಾಣುತ್ತದೆ, ಮುಚ್ಚಿಡಲು ಬರುವುದಿಲ್ಲ. ಮೋಟರ್ ಇರುವ ಸಾಮಾನಿನ ಕಥೆ ಹಾಗಲ್ಲ. ಆರ್ಮೇಚರಿನ ತಂತಿಯ ಮೇಲಿನ ವಾರ್ನಿಷ್ ಎಷ್ಟು ಸಲ ಬಿಸಿಯಾಗಿ ಕರಟಿದೆ, ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂಬುದು ಹೊರಗಿನಿಂದ ಗೊತ್ತಾಗದು. ಸೆಕೆಂಡ್ ಹ್ಯಾಂಡ್ ಡ್ರಿಲ್ ಅಂಗಡಿಯಲ್ಲಿ ಗುರ‍್ರ್ ಎನ್ನುತ್ತದೆ, ಮನೆಯ ಕಾಂಕ್ರೀಟು ಕಂಡ ಕೂಡಲೇ ಹೊಗೆಯಾಡುತ್ತದೆ. ಹೊಸದರಲ್ಲೂ ತೀರಾ ಅಗ್ಗದ್ದಾದರೆ ಒಳಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿರುವುದುಂಟು. ಒಂದೇ ವಾಟ್ ಬರೆದ ಎರಡು ಮಷೀನುಗಳನ್ನು ಎರಡು ಕೈಯಲ್ಲಿ ಎತ್ತಿ ನೋಡಿ. ಹಗುರವಾದದ್ದರ ಮೇಲೆ ಸಂಶಯವಿರಲಿ.

ಆ್ಯಂಗಲ್ ಗ್ರೈಂಡರ್ ವಿಷಯದಲ್ಲಿ ಮಾತ್ರ ನಾನು ರಾಜಿಗೆ ತಯಾರಿಲ್ಲ. ನಾಲ್ಕಿಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿರುತ್ತದೆ, ಮುಖದಿಂದ ಎರಡಡಿ ದೂರದಲ್ಲಿ. ಸ್ವಿಚ್ ಆಫ್ ಆಗದೆ ಅಂಟಿಕೊಂಡರೆ, ಗಾರ್ಡ್ ಸಡಿಲವಾಗಿದ್ದರೆ, ಡಿಸ್ಕು ಸಿಡಿದರೆ ಉಳಿಸಿದ ಆರುನೂರು ರೂಪಾಯಿ ಯಾವ ಆಸ್ಪತ್ರೆಯ ಚೀಟಿಗೂ ಸಾಲದು. ಗ್ರೈಂಡರಿನಷ್ಟೇ ಡಿಸ್ಕೂ ಮುಖ್ಯ. ಒಳ್ಳೆಯ ಡಿಸ್ಕಿನ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ, ನಡುವಿನ ಲೋಹದ ಬಳೆಯ ಮೇಲೆ ಯಾವ ತಿಂಗಳೊಳಗೆ ಬಳಸಬೇಕೆಂದೂ ಇರುತ್ತದೆ, ಏಕೆಂದರೆ ಕಣಗಳನ್ನು ಹಿಡಿದಿಟ್ಟ ಅಂಟು ಮುಪ್ಪಾಗುತ್ತದೆ. ಗಾರ್ಡ್ ಕಿತ್ತೆಸೆದು ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿಕೊಂಡು, ಹವಾಯಿ ಚಪ್ಪಲಿಯಲ್ಲಿ ನಿಂತು ಪ್ಲೈವುಡ್ ಕೊಯ್ಯುವವರನ್ನು ಪ್ರತಿ ಬಡಾವಣೆಯಲ್ಲೂ ಕಾಣುತ್ತೇವೆ. ಅವರ ಕೈಬೆರಳು ಎಣಿಸುವ ಧೈರ್ಯ ನನಗಂತೂ ಇಲ್ಲ.

ಸೂತ್ರಗಳು ಮಲೆನಾಡಿನ ಘಟ್ಟ ಹತ್ತಿದ ಮೇಲೆ ಸ್ವಲ್ಪ ಮೆತ್ತಗಾಗುತ್ತವೆ. ಅಲ್ಲಿ ಅಡಿಕೆ ತೋಟದ ಕಳೆ ಹೊಡೆಯಲು ಆಳು ಸಿಗದೆ ಬ್ರಷ್ ಕಟರ್ ಮನೆಮನೆಗೂ ಬಂದಿದೆ. ಒಂದು ಕಡೆ ಹೊಂಡಾದ 35.8 ಸಿ.ಸಿ. ಫೋರ್ ಸ್ಟ್ರೋಕ್, ಜರ್ಮನಿಯ ಸ್ಟಿಲ್. ಇನ್ನೊಂದು ಕಡೆ ಅವುಗಳ ಅರ್ಧಕ್ಕೂ ಕಡಿಮೆ ದರಕ್ಕೆ ಚೀನಾದ 43 ಸಿ.ಸಿ., 52 ಸಿ.ಸಿ. ಟೂ ಸ್ಟ್ರೋಕ್‌ಗಳು, ದಿನಕ್ಕೊಂದು ಹೊಸ ಹೆಸರಿನಲ್ಲಿ. ಪೇಟೆಯವನ ಬುದ್ಧಿಗೆ ಉತ್ತರ ಸುಲಭ: ಒಳ್ಳೆಯದನ್ನು ಕೊಳ್ಳಿ, ಹತ್ತು ವರ್ಷ ನಿಶ್ಚಿಂತೆ. ತೀರ್ಥಹಳ್ಳಿ ಕಡೆಯ ಒಬ್ಬ ಮೆಕ್ಯಾನಿಕ್ ನನ್ನ ಈ ಲೆಕ್ಕವನ್ನು ತಲೆಕೆಳಗು ಮಾಡಿದರು.

‘ನೋಡಿ ಮಾರಾಯ್ರೇ, ಹೆಸರು ನೂರಿದ್ರೂ ಎಂಜಿನ್ ಒಂದೇ’ ಎಂದು ಅವರು ಕಪಾಟು ತೆರೆದು ತೋರಿಸಿದರು. ಕಾರ್ಬ್ಯುರೇಟರ್, ಪಿಸ್ಟನ್ ರಿಂಗ್, ಕ್ಲಚ್ಚು, ಎಳೆಯುವ ಹಗ್ಗದ ಸ್ಟಾರ್ಟರ್, ಎಲ್ಲ ಪೊಟ್ಟಣಗಳಲ್ಲಿ ಸಾಲಾಗಿ. ಆ ಚೀನೀ ಎಂಜಿನ್ನುಗಳು ಒಂದೇ ಅಚ್ಚಿನವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತದೆ, ದರವೂ ಕಡಿಮೆ. ದುಬಾರಿ ಮಷೀನಿನ ಸಣ್ಣದೊಂದು ಭಾಗ ಬೇಕಾದರೆ ಜಿಲ್ಲಾ ಕೇಂದ್ರದ ಡೀಲರಿಗೆ ಹೇಳಿ ಕಾಯಬೇಕು. ಕಳೆ ಹೊಡೆಯುವ ಕೆಲಸಕ್ಕೆ ಕಾಯುವ ವ್ಯವಧಾನ ಇರುವುದಿಲ್ಲ, ಮಳೆ ಬಿಟ್ಟ ವಾರದಲ್ಲೇ ಮುಗಿಯಬೇಕು. ಎಕರೆ ತೋಟದವರಿಗೆ ಅಗ್ಗದ್ದೇ ಸಾಕು ಎನ್ನುತ್ತಾರೆ ಅವರು. ದಿನಗೂಲಿಗೆ ಊರೆಲ್ಲ ಕಳೆ ಹೊಡೆಯುವ ಹುಡುಗನಿಗೆ ಮಾತ್ರ ದುಬಾರಿಯದನ್ನೇ ತಗೊ ಎನ್ನುತ್ತಾರೆ. ಅದಕ್ಕೆ ಕಾರಣ ಎಂಜಿನ್ನಲ್ಲ, ಕಂಪನ. ದಿನಕ್ಕೆ ಆರೇಳು ಗಂಟೆ ಅಗ್ಗದ್ದನ್ನು ಹಿಡಿದರೆ ರಾತ್ರಿ ಅನ್ನ ಕಲಸಲು ಬೆರಳು ಬಗ್ಗುವುದಿಲ್ಲವಂತೆ.

ಅವರ ಬಳಿಗೆ ಬರುವ ಮಷೀನುಗಳಲ್ಲಿ ಬಹುಪಾಲು ಸಾಯುವುದು ತಯಾರಿಕೆಯ ದೋಷದಿಂದಲ್ಲ, ಎಣ್ಣೆಯಿಂದ. ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು. ಕೆಲವಕ್ಕೆ ಲೀಟರಿಗೆ 20 ಮಿ.ಲೀ., ಇನ್ನು ಕೆಲವಕ್ಕೆ 40. ಕೈಪಿಡಿ ಅರ್ಥವಾಗದ ಭಾಷೆಯಲ್ಲಿರುತ್ತದೆ, ಕಣ್ಣಂದಾಜಿಗೆ ಸುರಿಯುತ್ತಾರೆ. ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚಾದರೆ ಹೊಗೆ, ಮಸಿ. ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟು ಬೇಸಗೆ ಕಳೆದರೆ ಕಾರ್ಬ್ಯುರೇಟರಿನ ರಬ್ಬರ್ ಪೊರೆ ಸೆಟೆದುಕೊಳ್ಳುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಇನ್ನೂ ಬೇಗ. ದುಬಾರಿ ಮಷೀನೂ ಇದಕ್ಕೆ ಹೊರತಲ್ಲ.

ಆ ಮೆಕ್ಯಾನಿಕ್ ಇರುವ ಪೇಟೆಯಲ್ಲೇ, ಬಸ್ ಸ್ಟ್ಯಾಂಡಿನ ಹಿಂದೆ, ಕಮ್ಮಾರರ ಕುಲುಮೆಯೊಂದು ಇನ್ನೂ ಉರಿಯುತ್ತಿದೆ. ಈ ಅಂಗಡಿಯ ಮಾಲಿಗೆ ಆಮದಿನ ಭಯ ಅಷ್ಟಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಗುಜರಿಯಿಂದ ಬರುತ್ತದೆ. ವರ್ಷಗಟ್ಟಲೆ ಟನ್ನುಗಳ ಭಾರಕ್ಕೆ ಬಾಗಿ ಬಾಗಿ ಮುರಿಯದ ಉಕ್ಕು ಅದು. ಕತ್ತರಿಸಿ, ಕೆಂಪಗೆ ಕಾಯಿಸಿ, ಬಡಿದು ಕತ್ತಿಯ ಆಕಾರಕ್ಕೆ ತಂದು, ಬಾಯಿಯನ್ನಷ್ಟೇ ತಣಿಸಿ ಈಚೆ ತೆಗೆಯುತ್ತಾರೆ. ಬೆನ್ನಿನಲ್ಲಿ ಉಳಿದ ಶಾಖ ಬಾಯಿಯ ಕಡೆ ಹರಿಯುವಾಗ ಉಜ್ಜಿದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಬಾಯಿ ಹರಿತ ನಿಲ್ಲುತ್ತದೆ, ಗಂಟು ಸಿಕ್ಕರೆ ಚಕ್ಕೆ ಏಳಬಹುದು. ನೀಲಿಗೆ ಬಿಟ್ಟರೆ ಚಕ್ಕೆ ಏಳುವುದಿಲ್ಲ, ಬೇಗ ಮೊಂಡಾಗುತ್ತದೆ. ಸೊಪ್ಪು ಕಡಿಯುವ ಕತ್ತಿಗೂ ಸೌದೆ ಸೀಳುವ ಕತ್ತಿಗೂ ಬೇರೆ ಬೇರೆ ಬಣ್ಣದಲ್ಲಿ ನೀರಿಗಿಳಿಸುತ್ತಾರೆ. ‘ಯಾತಕ್ಕೆ ಬೇಕು?’ ಎಂದು ಮೊದಲೇ ಕೇಳುವುದು ಅದಕ್ಕೆ. ಹದ ತಪ್ಪಿದ್ದರೆ ವಾಪಸು ತಂದುಕೊಟ್ಟವರಿಗೆ ಮತ್ತೆ ಕಾಯಿಸಿ ಕೊಡುತ್ತಾರೆ. ಯಾವ ಕಂಪನಿಯ ಗ್ಯಾರಂಟಿ ಕಾರ್ಡೂ ಇದಕ್ಕೆ ಸಮವಲ್ಲ. ಇಂಥ ಬೇಸಾಯದ ಕೈಸಾಮಾನಿಗೆ ಜಿಎಸ್‌ಟಿಯೂ ಇಲ್ಲ. ಸ್ಪ್ಯಾನರಿಗೆ ಶೇ 18 ಇದೆ.

ಕುಲುಮೆಯ ಮೂಲೆಯಲ್ಲಿ ಹಳೆಯ ಅರಗಳ ರಾಶಿಯೂ ಬಿದ್ದಿತ್ತು. ಹಳೆಯದು ಒಳ್ಳೆಯದು ಎಂಬ ಮಾತು ನಡೆಯದ ಕಬ್ಬಿಣದ ಸಾಮಾನೆಂದರೆ ಅರವೊಂದೇ. ಹಲ್ಲು ಮೊಂಡಾದ ಅರವನ್ನು ಯಾರೂ ಕೊಳ್ಳಬಾರದು. ಹೊಸದನ್ನೇ, ಒಳ್ಳೆಯ ಕಂಪನಿಯದನ್ನೇ ಕೊಳ್ಳಬೇಕು. ಆದರೆ ಇಂಗಾಲ ಹೆಚ್ಚಿರುವ ಅದರ ಉಕ್ಕು ಕಮ್ಮಾರನಿಗೆ ಹಬ್ಬ. ಕಾಯಿಸಿ ಬಡಿದರೆ ಅಡಿಕೆ ಸುಲಿಯುವ ಮೆಟ್ಟುಕತ್ತಿ ಆಗುತ್ತದೆ.

ಬೆಂಗಳೂರಿನಲ್ಲಿ ಹಳೆ ಕಬ್ಬಿಣ ಹುಡುಕಲು ಭಾನುವಾರವೇ ಆಗಬೇಕು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಅವೆನ್ಯೂ ರಸ್ತೆಗಳ ಕಡೆ ಅಂಗಡಿಗಳ ಷಟರ್ ಇಳಿದಿರುವ ಹೊತ್ತಿಗೆ ಫುಟ್‌ಪಾತಿನ ಮೇಲೆ ಸಂಡೆ ಬಜಾರ್ ಹರಡಿಕೊಳ್ಳುತ್ತದೆ. ಹಳೆ ಕ್ಯಾಮೆರಾ, ಚಾರ್ಜರ್, ಒಂಟಿ ಬೂಟುಗಳ ನಡುವೆ ಅಲ್ಲೊಂದು ಇಲ್ಲೊಂದು ಗೋಣಿತಾಟಿನ ಮೇಲೆ ಸ್ಪ್ಯಾನರು, ಉಳಿ, ವರ್ನಿಯರ್. ವರ್ನಿಯರ್ ಸಿಕ್ಕರೆ ಎರಡು ದವಡೆ ಮುಚ್ಚಿ ಆಕಾಶಕ್ಕೆ ಹಿಡಿದು ನೋಡಿ. ನಡುವೆ ಬೆಳಕಿನ ಗೆರೆ ಕಂಡರೆ ಬಿಟ್ಟುಬಿಡಿ. ಕಾಣದೆ, ಸೊನ್ನೆಗೆ ಸೊನ್ನೆ ಕೂತರೆ ಹೊಸ ಅಗ್ಗದ ಡಿಜಿಟಲ್‌ಗಿಂತ ಅದೇ ವಾಸಿ, ಅದಕ್ಕೆ ಸೆಲ್ಲು ಮುಗಿಯುವ ಭಯವಿಲ್ಲ. ಡ್ರಿಲ್ ಬಿಟ್ ರಾಶಿಯಲ್ಲಿ ಚಿನ್ನದ ಬಣ್ಣದ್ದನ್ನು ಬಿಟ್ಟು ಕಪ್ಪು ಬಣ್ಣದವನ್ನು ಆರಿಸಿ, ಹಿಡಿಯ ಮೇಲೆ ಅಡಿಸನ್ ಅಥವಾ ಐಟಿ ಎಂದು ಕೊರೆದಿದ್ದರೆ ಇನ್ನೂ ಒಳ್ಳೆಯದು. ಸಂಶಯ ಬಂದರೆ ಗ್ರೈಂಡಿಂಗ್ ಕಲ್ಲಿಗೆ ತಾಗಿಸಬೇಕು. ಹೈಸ್ಪೀಡ್ ಸ್ಟೀಲಾದರೆ ಮಂಕು ಕೆಂಪು ಕಿಡಿ, ಅದೂ ವಿರಳ; ಬರೀ ಕಾರ್ಬನ್ ಉಕ್ಕಾದರೆ ಸುರುಸುರು ಬತ್ತಿಯ ಹಾಗೆ ಬೆಳ್ಳಗೆ ಸಿಡಿಯುತ್ತದೆ.

ದರದ ಲೆಕ್ಕ ಅಲ್ಲಿ ವಿಚಿತ್ರ. ಗುಜರಿಯವನ ಮೂಟೆಯಿಂದ ಆಗಷ್ಟೇ ಸುರಿದ ವೈಸ್ ಕೇಜಿ ಲೆಕ್ಕದ ಕಬ್ಬಿಣ. ಅವನು ಅದರ ಮಣ್ಣು ಒರೆಸಿ, ಸ್ಕ್ರೂಗೆ ಎಣ್ಣೆ ಬಿಟ್ಟು, ಹೆಸರು ಕಾಣುವಂತೆ ತಿರುಗಿಸಿ ಇಟ್ಟ ಕ್ಷಣದಿಂದ ಅದು ಪೀಸ್ ಲೆಕ್ಕದ ಸಾಮಾನು, ದರ ನಾಲ್ಕು ಪಟ್ಟು. ಆದ್ದರಿಂದ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಮೂಟೆ ಬಿಚ್ಚುವ ಹೊತ್ತಿಗೆ. ವೈಸಿನ ದವಡೆಯ ಬುಡದಲ್ಲಿ, ಎರಕದ ಮೇಲೆ ವೆಲ್ಡಿಂಗ್ ಗೀಟು ಇದೆಯೇ ಎಂದು ಬೆರಳಾಡಿಸಿ ನೋಡಿ. ಇದ್ದರೆ ಯಾರೋ ಒಮ್ಮೆ ಮುರಿದದ್ದು. ಸ್ಕ್ರೂ ಪೂರ್ತಿ ಬಿಚ್ಚಿ ಮರೆಯ ಹಲ್ಲು ಚೂಪಾಗಿ ಸವೆದಿದೆಯೇ ನೋಡಿ. ಎರಡೂ ಸರಿ ಇದ್ದರೆ ಮುಖದಲ್ಲಿ ಸಂತೋಷ ತೋರಿಸದೆ ‘ಕೇಜಿಗೆ ಎಷ್ಟಪ್ಪಾ?’ ಎಂದೇ ಶುರುಮಾಡಿ. ಅವನು ನಿಮ್ಮನ್ನೊಮ್ಮೆ, ವೈಸನ್ನೊಮ್ಮೆ ನೋಡಿ ‘ಇದು ಕೇಜಿ ಲೆಕ್ಕದ್ದಲ್ಲ ಸಾರ್, ಇಂಗ್ಲೆಂಡ್ ಮಾಲು’ ಎನ್ನುತ್ತಾನೆ. ತಿರುಗಿಸಿ ನೋಡಿದರೆ ಲುಧಿಯಾನ ಎಂದು ಬರೆದಿರುತ್ತದೆ. ಅದನ್ನು ಬೆರಳಿಟ್ಟು ತೋರಿಸಿ, ಇನ್ನೂರು ಇಳಿಸಿ ಕೇಳಿ; ನೂರು ಇಳಿಸಲಂತೂ ಒಪ್ಪುತ್ತಾನೆ.